ಗುಬ್ಬಿಯ ಟ್ರಾಕ್ಟರಿಗೆ ಹೂವು ಕೇಳಿದ್ದು

ಟಕ್.

ಕೌಸಲ್ಯಮ್ಮನಿಗೆ ಎಚ್ಚರವಾಯಿತು. ಅವಳ ನಿದ್ದೆ ಯಾವತ್ತೂ ತೆಳುವು. ಹಲ್ಲಿ ಲೊಚಗುಟ್ಟಿದರೂ ಎದ್ದು ಕೂರುವವಳು. ಇದು ಹಲ್ಲಿಯಲ್ಲ. ಸ್ವಲ್ಪ ಹೊತ್ತು ಸದ್ದಿಲ್ಲ, ಮತ್ತೆ ಟಕ್. ಕಳ್ಳನಾಗಿದ್ದರೆ ಇಷ್ಟು ಧಾರಾಳವಾಗಿ ಸದ್ದು ಮಾಡುತ್ತಿರಲಿಲ್ಲ, ಇಲಿಯಾಗಿದ್ದರೆ ಇಷ್ಟು ಶಿಸ್ತಾಗಿ ಮಾಡುತ್ತಿರಲಿಲ್ಲ. ಹೀಗೆ ಯೋಚಿಸುತ್ತಾ ಪಕ್ಕಕ್ಕೆ ಕೈ ಚಾಚಿದರೆ ಗಂಡನ ಹಾಸಿಗೆ ಖಾಲಿ.

ನಡುಮನೆಯಲ್ಲಿ ದೀಪ ಉರಿಯುತ್ತಿತ್ತು. ಸೀತಾರಾಮಯ್ಯನವರು, ತುಮಕೂರಿನ ಕೋರ್ಟಿನಲ್ಲಿ ಸೋತ ಕೇಸನ್ನೂ ಗೆದ್ದ ದನಿಯಲ್ಲೇ ಮುಗಿಸುವ ವಕೀಲರು, ನೆಲದ ಮೇಲೆ ಕಾಲು ಚಾಚಿ ಕೂತಿದ್ದರು. ಮುಂದೆ ಚಪಾತಿ ಮಣೆ. ಮಣೆಯ ಒಂದು ಪಕ್ಕಕ್ಕೆ ದಪ್ಪನೆಯ ಕಾನೂನು ಪುಸ್ತಕ ಒತ್ತುಕೊಟ್ಟು ಇಳಿಜಾರು ಮಾಡಿದ್ದರು. ಅದರ ಮೇಲೆ ಬೆಂಕಿಪೊಟ್ಟಣವನ್ನು ನೆಟ್ಟಗೆ ನಿಲ್ಲಿಸಿ ಕೈ ಬಿಟ್ಟರು. ಅದು ಟಕ್ ಎಂದು ಬಿತ್ತು.

"ಏನೂಂದ್ರೆ, ಈ ಹೊತ್ತಿನಲ್ಲಿ ಏನು ಮಾಡ್ತಿದೀರಿ?"

"ಟ್ರಾಕ್ಟರ್ ಓಡಿಸ್ತಿದೀನಿ," ಎಂದರು, ತಲೆಯೆತ್ತದೆ.

"ಬಿದ್ದುಹೋಯ್ತಲ್ಲ."

"ಬಿದ್ದಿದ್ದು ಬೆಂಕಿಪೊಟ್ಟಣ ಕಣೆ. ಅದರ ಮೇಲೆ ಡ್ರೈವರ್ ಇರ್ಲಿಲ್ಲ. ಡ್ರೈವರ್ ಅಂತ ಒಬ್ಬ ಇದ್ದಿದ್ರೆ ಹೀಗೆ ಮೈ ಈಚೆಗೆ ವಾಲಿಸಿ..." ಎಂದು ವಾಲಿಸಿ ತೋರಿಸಲು ಹೋಗಿ, ಕೈಯೂರದಿದ್ದರೆ ಅವರೇ ಉರುಳುತ್ತಿದ್ದರು.

ಕೌಸಲ್ಯಮ್ಮ ಬಗ್ಗಿ ಪೊಟ್ಟಣವನ್ನು ಅಗಲವಾಗಿ ಮಲಗಿಸಿ ಇಟ್ಟಳು. ಅದು ಒಂದಿಷ್ಟು ಜಾರಿತು, ಆದರೆ ಉರುಳಲಿಲ್ಲ. "ನೋಡಿ, ತಗ್ಗಾಗಿ ಅಗಲವಾಗಿದ್ರೆ ನಿಲ್ಲತ್ತೆ. ಇಂಟರ್‌ಮೀಡಿಯೆಟ್‌ನಲ್ಲಿ ಭೌತಶಾಸ್ತ್ರದ ಮೊದಲನೇ ಪಾಠವೇ ಇದು. ಗುರುತ್ವಕೇಂದ್ರ..."

"ಮಲಗಿರೋ ಟ್ರಾಕ್ಟರ್‌ನ ಯಾರಾದ್ರೂ ಕೊಂಡ್ಕೋತಾರೇನೇ?" ಎಂದು ಅವರು ದೀಪ ಆರಿಸಿದರು.

ಈ ಟ್ರಾಕ್ಟರಿನ ಹುಚ್ಚು ಹತ್ತಿದ್ದು ಹುತ್ರಿದುರ್ಗದ ಬುಡದ ಜಮೀನಿನಿಂದ. ಅಣ್ಣತಮ್ಮಂದಿರಿಗೆ ಹಿಸ್ಸೆಯಾದಾಗ ಸೀತಾರಾಮಯ್ಯನವರು ಅಷ್ಟು ವಾದ ಮಾಡಿಯೂ ಪಾಲಿಗೆ ಬಂದದ್ದು ಗುಡ್ಡದ ಪಕ್ಕದ ಇಳಿಜಾರು. ಊರಿನವರು ಅದನ್ನು ಜಾರುಬಂಡೆ ಹೊಲ ಎನ್ನುತ್ತಿದ್ದರು. ರಾಗಿ ಚೆಲ್ಲಿದರೆ ಮಳೆಗೆ ಕೊಚ್ಚಿಹೋಗಿ ಕೆಳಗಿನವನ ಹೊಲದಲ್ಲಿ ಹುಟ್ಟುತ್ತಿತ್ತು. ತಾನಾಗಿ ಬೆಳೆಯುತ್ತಿದ್ದದ್ದು ಹುಲ್ಲು, ಅದೂ ಸೊಂಟದೆತ್ತರ. ಜಮೀನು ನೋಡಿಕೊಳ್ಳುತ್ತಿದ್ದ ಪುಟ್ಟರಂಗಯ್ಯ ಅದರಲ್ಲಿ ದನ ಬಿಟ್ಟು, ತಾನು ಹೊಂಗೆ ಮರದ ಕೆಳಗೆ ಮಲಗಿ ಸುಖವಾಗಿದ್ದ.

ಒಂದು ದಿನ ಸೀತಾರಾಮಯ್ಯನವರು ಯಾವುದೋ ವ್ಯವಸಾಯದ ಪತ್ರಿಕೆ ಓದಿದರು. ಅಲ್ಲಿಂದ ಮನೆಯಲ್ಲಿ ಬೇರೆ ಮಾತಿಲ್ಲ. ಇಳಿಜಾರಿನ ಹುಲ್ಲು ಕೊಯ್ದು ಕುಣಿಗಲ್ಲಿನಲ್ಲಿ ಕುದುರೆ, ದನ ಸಾಕುವವರಿಗೆ ಮಾರುವುದು. ಗುಡ್ಡಕ್ಕೆ ಅಡ್ಡಡ್ಡಲಾಗಿ ಕಾಲುವೆ ತೋಡಿ ಮಳೆನೀರು ನಿಲ್ಲಿಸುವುದು. ಕೆಳಗೊಂದು ಹೊಂಡ ತೆಗೆಯುವುದು. ಇಷ್ಟನ್ನೂ ಒಂದು ಸಣ್ಣ ಟ್ರಾಕ್ಟರ್ ಮಾಡುತ್ತದಂತೆ. ಪಕ್ಕಕ್ಕೆ ಹುಲ್ಲು ಕತ್ತರಿಸುವ ಅಲಗು, ಹಿಂದಕ್ಕೆ ಮಣ್ಣು ಗೋರುವ ಬಾಯಿ. ದೊಡ್ಡ ಟ್ರಾಕ್ಟರಿಗೆ ಆ ಗುಡ್ಡದಲ್ಲಿ ತಿರುಗಲೂ ಜಾಗವಿಲ್ಲ, ಆದ್ದರಿಂದ ಸಣ್ಣದೇ ಸರಿ. ಇಲ್ಲಿಯವರೆಗೆ ಕೌಸಲ್ಯಮ್ಮನದೂ ತಕರಾರಿರಲಿಲ್ಲ.

"ಓಡಿಸೋರು ಯಾರು?" ಎಂದು ಅವಳು ಕೇಳಿದ್ದಳು.

"ನಾನೇ."

ಅವತ್ತಿನಿಂದ ಅವಳಿಗೆ ಅನ್ನ ಸೇರದು. ಈ ಮನುಷ್ಯ ಸ್ನೇಹಿತರ ಕಾರಿನಲ್ಲಿ ಡ್ರೈವಿಂಗ್ ಕಲಿಯಲು ಹೋಗಿ, ಕ್ಯಾತ್ಸಂದ್ರದ ಹೋಟೆಲಿನ ಚಪ್ಪರದೊಳಕ್ಕೆ ನುಗ್ಗಿಸಿ, ಅಲ್ಲೇ ಎರಡು ಪ್ಲೇಟ್ ಇಡ್ಲಿ ತಿಂದು, ತಿನ್ನಲೆಂದೇ ಬಂದವರ ಹಾಗೆ ಕೈ ತೊಳೆದು ಬಂದವರು. ಅದು ಸಮನಾದ ರಸ್ತೆ. ಇದು ಜಾರುಬಂಡೆ. ಬೇಡವೆಂದರೆ ಕೇಳುವವರಲ್ಲ. ಹಾಗಾದರೆ ಉಳಿದದ್ದು ಒಂದೇ ದಾರಿ: ಉರುಳದಂಥ ಟ್ರಾಕ್ಟರ್ ಮನೆಗೆ ಬರುವಂತೆ ನೋಡಿಕೊಳ್ಳುವುದು.

ನೋಡಲು ಹೊರಟಾಗ ಅತ್ತೆ ತುಳಸಮ್ಮನವರೂ ರೇಷ್ಮೆ ಅಂಚಿನ ಸೀರೆಯುಟ್ಟು ಜಟಕಾ ಹತ್ತಿದರು. ಮನೆಗೆ ಬರುವುದು ಏನೇ ಇರಲಿ, ಸೊಸೆಯಿರಲಿ, ಹಸುವಿರಲಿ, ಅವರು ನೋಡದೆ ಬಂದದ್ದಿಲ್ಲ.

ಬಿ.ಎಚ್. ರಸ್ತೆಯ ಅಂಗಡಿಯಲ್ಲಿ ಏಜೆಂಟ್ ಆಂಜನಪ್ಪ ಕಾಫಿ ತರಿಸಿಕೊಟ್ಟ. ಅಂಗಡಿಯ ಮುಂದೆ ಬೂದು ಬಣ್ಣದ ಟ್ರಾಕ್ಟರ್ ನಿಂತಿತ್ತು. ನಿಂತಿತ್ತು ಎನ್ನುವುದಕ್ಕಿಂತ ಕುಕ್ಕರುಗಾಲಲ್ಲಿ ಕೂತಿತ್ತು ಎನ್ನಬೇಕು. ಹೊಟ್ಟೆ ನೆಲಕ್ಕೆ ಹತ್ತಿರ, ಹಿಂದಿನ ಚಕ್ರಗಳು ದೂರದೂರ. ಕೌಸಲ್ಯಮ್ಮ ಸೆರಗು ಸಿಕ್ಕಿಸಿ, ಬಗ್ಗಿ, ಗೇಣು ಹಾಕಿ ಅಳೆದಳು: ಮೊದಲು ಚಕ್ರದಿಂದ ಚಕ್ರಕ್ಕೆ, ಆಮೇಲೆ ನೆಲದಿಂದ ಸೀಟಿಗೆ.

"ಅಮ್ಮಾವ್ರು ರವಿಕೆಗೆ ಅಳತೆ ತಗೋತಾವ್ರಾ?" ಎಂದ ಆಂಜನಪ್ಪ, ಗಾಬರಿಯಾಗಿ.

"ಉರುಳತ್ತಾ ಇದು?"

"ಉರುಳಾದಾ? ಉರುಳ್ಸಿ ನೋಡಿ ಅಮ್ಮಾ. ಆನೆ ಬಂದ್ರೂ ಆಗಾಕಿಲ್ಲ. ಚಕ್ರ ಬೇಕಾದ್ರೆ ಇನ್ನೂ ಒಂದಿಷ್ಟು ಆಚೆಗೆ ಸರಿಸಿ ಕೊಡ್ತೀನಿ. ಇಳಿಜಾರಿಗೇಂತ್ಲೇ ಮಾಡಿರೋದು."

ತುಳಸಮ್ಮನವರು ಕಾಫಿ ಲೋಟ ಕೆಳಗಿಟ್ಟು ಒಂದು ಸುತ್ತು ಬಂದರು. "ಲಕ್ಷಣ ಏನೋ ಸಾಲದು. ಗಟ್ಟಿಮುಟ್ಟಾಗಿದೆ. ಇಂಥದ್ದು ಸಂಸಾರ ಮಾಡತ್ತೆ," ಎಂದರು.

ಸೀತಾರಾಮಯ್ಯನವರು ಮಾತ್ರ ಹತ್ತಿ ಕೂತು ಮುಖ ಸಿಂಡರಿಸಿದರು. "ಏನ್ರೀ ಇದು, ಊಟಕ್ಕೆ ಕೂತಂಗಿದೆ."

ಮಾರನೇ ದಿನ ಗುಬ್ಬಿ. ತೆಂಗಿನಕಾಯಿ ವ್ಯಾಪಾರದ ಜಯರಾಮಯ್ಯನವರ ತೋಟದಲ್ಲಿ ಕೆಂಪು ಟ್ರಾಕ್ಟರ್. ಅದು ಸಾಲುಬೆಳೆಯ ನಡುವೆ ಓಡಾಡಲೆಂದು ಮಾಡಿದ್ದು. ಉದ್ದ ಕಾಲು, ಇಕ್ಕಟ್ಟು ಚಕ್ರ, ಎತ್ತಿದ ಹೊಟ್ಟೆ, ಕೊಕ್ಕರೆಯ ಹಾಗಿತ್ತು. ಸೀತಾರಾಮಯ್ಯನವರು ಮೇಲೆ ಹತ್ತಿ ಕೂತದ್ದೇ ಮುಖ ಅರಳಿತು.

"ಅಮ್ಮಾ! ಇಲ್ಲಿಂದ ರೈಲ್ವೆ ಸ್ಟೇಷನ್ ಕಾಣತ್ತೆ!"

"ಕಂಡ್ರೆ ಏನೋ ಸೀತೂ, ಹುಲ್ಲು ಕೆಳಗಿದೆಯಲ್ಲೋ," ಎಂದರು ತುಳಸಮ್ಮನವರು.

ಜೊತೆಗೆ ಬಂದಿದ್ದ ಪುಟ್ಟರಂಗಯ್ಯ ಮಾತ್ರ ಕೈಮುಗಿದೇಬಿಟ್ಟ. "ಬುದ್ಧಿ, ಇದ್ರ ಮ್ಯಾಲೆ ನೀವು ಅಮೃತೂರು ಸಂತೇಗೆ ಬಂದ್ರೆ ಜನ ದಾರಿ ಬುಡ್ತಾರೆ. ನಂಗೆ ಈ ಮಡ್‌ಗಾರ್ಡ್ ಮ್ಯಾಲೆ ಕುಂತ್ಕಳಾಕೆ ಜಾಗ ಕೊಟ್ರೆ ಸಾಕು."

ಕೌಸಲ್ಯಮ್ಮ ಆ ಮಡ್‌ಗಾರ್ಡನ್ನೇ ನೋಡುತ್ತಿದ್ದಳು. ಒಂದು ಕಡೆಯದು ನಯವಾಗಿತ್ತು. ಇನ್ನೊಂದು ಕಡೆಯದು ತಟ್ಟಿ ಸರಿಮಾಡಿದ ಹಳೇ ಕೊಳದಪ್ಪಲೆಯ ಹಾಗಿತ್ತು.

"ಇದು ಒಂದು ಸಲ ಬಿದ್ದಿದೆ, ಅಲ್ವೇ?"

"ಬೀಳೋದು ಅಂದ್ರೆ... ಬಿದ್ದಿಲ್ಲ ತಾಯಿ," ಎಂದರು ಜಯರಾಮಯ್ಯನವರು, ಮೀಸೆ ನೀವುತ್ತಾ. "ಬದುವಿನ ಮೇಲೆ ಸ್ವಲ್ಪ ಮಗ್ಗುಲು ಬದಲಾಯಿಸ್ತು. ಮಲಗಿದೋರು ಬದಲಾಯ್ಸಲ್ವೇ?"

"ಓಡಿಸ್ತಿದ್ದೋರು?"

"ಅವನು ಹಾರ್ಕೊಂಡ. ಈಗ ಪುನಃ ಗಾಡಿ ಹೊಡೀತಾನೆ, ಎತ್ತಿಂದು. ಅದೇ ಅಭ್ಯಾಸ ಅವನಿಗೆ."

ವಾಪಸ್ಸು ಬರುವಾಗ ಬಸ್ಸಿನಲ್ಲಿ ಕೌಸಲ್ಯಮ್ಮ ಮೆಲ್ಲಗೆ ಹೇಳಿದಳು, ಮನೆಗೆ ಬಂದ ಮೇಲೆ ಗಟ್ಟಿಯಾಗಿ ಹೇಳಿದಳು. ಸೀತಾರಾಮಯ್ಯನವರು ಪ್ರತಿ ಮಾತಿಗೂ ಪ್ರತಿವಾದ ಹೂಡಿದರು. ಬೂದು ಬಣ್ಣದ್ದಕ್ಕೆ ಗಾಂಭೀರ್ಯ ಇಲ್ಲ. ಕೆಂಪಿನದಕ್ಕೆ ಕಲ್ಲು ತಾಗದಷ್ಟು ಎತ್ತರ ಇದೆ. ಬಿದ್ದು ಎದ್ದದ್ದೆಂದರೆ ಅನುಭವಸ್ಥ ಎಂದಲ್ಲವೆ ಅರ್ಥ? ಇಂಥ ವಾದಕ್ಕೆ ಭೌತಶಾಸ್ತ್ರದಲ್ಲಿ ಉತ್ತರವಿರಲಿಲ್ಲ.

ಕೊನೆಗೆ ತುಳಸಮ್ಮನವರು ಜಪಮಣಿ ಕೆಳಗಿಟ್ಟರು. "ಸುಮ್ನಿರ್ರೋ ಇಬ್ರೂ. ಮನೇಲಿ ನರಸಿಂಹ ಇಲ್ವೇ? ಹೂವು ಕೇಳೋಣ. ನಿನ್ನ ಮದುವೆಗೂ ಕೇಳಿರ್ಲಿಲ್ವೇ ಸೀತೂ?"

ಆ ಮನೆಯಲ್ಲಿ ಗಟ್ಟಿ ಮಾತೆಲ್ಲ ಅಲ್ಲಿಗೇ ಮುಗಿಯುವುದು. ದೇವರ ಕೋಣೆಯ ಗೇಣುದ್ದದ ಪಂಚಲೋಹದ ನರಸಿಂಹನಿಗೆ ಎರಡು ಭುಜಕ್ಕೂ ನೀರಲ್ಲಿ ಅದ್ದಿದ ಕಣಗಿಲೆ ಹೂವು ಅಂಟಿಸಿ, ಮನಸ್ಸಿನಲ್ಲಿ ಕೇಳಿಕೊಂಡು ಕೂರುವುದು. ದೇವರ ಬಲದ ಹೂವು ಮೊದಲು ಬಿದ್ದರೆ ಹೌದು. ಎಡದ್ದು ಬಿದ್ದರೆ ಬೇಡ. ಸೀತಾರಾಮಯ್ಯನವರು ಸಂತೋಷವಾಗಿಯೇ ಒಪ್ಪಿದರು. ನರಸಿಂಹ ಇದುವರೆಗೂ ಅವರ ವಿರುದ್ಧ ತೀರ್ಪು ಕೊಟ್ಟಿರಲಿಲ್ಲ. ಕೌಸಲ್ಯಮ್ಮನ ಪಾಲಿಗೆ ಮಾತ್ರ ಅಗಲ, ಎತ್ತರ, ಭಾರ ಎಲ್ಲ ಬಿಟ್ಟು ಗಂಡನ ಜೀವ ಒಂದು ಕಣಗಿಲೆಯ ಮೇಲೆ ನಿಂತಿತು.

ಶನಿವಾರ ಬೆಳಿಗ್ಗೆ ತುಳಸಮ್ಮನವರು ಮಡಿಯುಟ್ಟು, ನೈವೇದ್ಯದ ತಂಬಿಟ್ಟಿಗೆ ಬೆಲ್ಲದ ಪಾಕ ಇಳಿಸಿ, ದೇವರ ಕೋಣೆಗೆ ಹೋಗಿ ಬಾಗಿಲು ಸ್ವಲ್ಪ ಹೊತ್ತು ಮುಂದೆ ಮಾಡಿಕೊಂಡರು. ಆಮೇಲೆ ಕರೆದರು. ಹೂವು ಎರಡೂ ಭುಜದ ಮೇಲೆ ಕೂತಿದ್ದವು.

"ಗುಬ್ಬಿಯದು ತಗೋಬಹುದಾ ಅಂತ ಕೇಳ್ಕೋ ಸೀತೂ. ಯಾರೂ ಮಾತಾಡಕೂಡದು, ಬೀಸಣಿಗೆ ಅಲ್ಲಾಡಿಸಕೂಡದು."

ಮೂವರೂ ಕೂತರು. ಹೂವು ಅಲುಗಲಿಲ್ಲ. ಸೀತಾರಾಮಯ್ಯನವರು ಕೆಮ್ಮಲು ಹೋಗಿ ತಾಯಿಯ ಮುಖ ನೋಡಿ ನುಂಗಿಕೊಂಡರು. ಅಷ್ಟರಲ್ಲಿ ಹೊರಗೆ ಕಕ್ಷಿದಾರನೊಬ್ಬ "ಲಾಯರ್ ಸಾಹೇಬ್ರೇ" ಎಂದು ಕೂಗಿದ. ಅವರು ಕೂಗನ್ನು ಕೇಳಿಸಿಕೊಳ್ಳದ ಹಾಗೆ ಕೂತರು, ಎರಡನೇ ಸಲಕ್ಕೆ ಎದ್ದರು. ಅವರು ಅತ್ತ ಹೋಗಿದ್ದರೋ ಇಲ್ಲವೋ, ತಾರಸಿಯ ಮೇಲೆ ದಬದಬ ಸದ್ದು.

"ಕೋತಿ! ನನ್ನ ಹಪ್ಪಳ!" ತುಳಸಮ್ಮನವರು ಆ ವಯಸ್ಸಿಗೆ ಹೇಗೆ ಎದ್ದರೋ, ಕೋಲು ಯಾವಾಗ ಕೈಗೆ ಬಂತೋ. ಬಾಗಿಲಲ್ಲಿ ತಿರುಗಿ, "ಕೌಸಲ್ಯಾ, ನೋಡ್ತಾ ಇರು. ಮುಟ್ಟೀಯೆ ಮತ್ತೆ, ನೀನು ಮಡಿಯಲ್ಲಿಲ್ಲ," ಎಂದು ಮೆಟ್ಟಿಲು ಹತ್ತಿದರು.

ಕೌಸಲ್ಯಮ್ಮ ನೋಡುತ್ತಿದ್ದಳು. ನೋಡುವುದೇ ಅವಳ ಹುಟ್ಟುಗುಣ. ಎಡದ ಹೂವು ಒಣಗುತ್ತಾ ಅಂಚಿಗೆ ಬಂದಿತ್ತು. ಬಲದ ಹೂವು ಬಾಗುತ್ತಿತ್ತು, ಏಳುತ್ತಿತ್ತು, ಒಳಗೆ ಯಾರೋ ಉಸಿರಾಡುತ್ತಿರುವ ಹಾಗೆ. ಗಾಳಿಯಿಲ್ಲ. ನರಸಿಂಹ ಹೆಗಲು ಕೊಡವುತ್ತಿದ್ದಾನೆಯೆ? ಅವಳು ಬಾಗಿ ನೋಡಿದಳು.

ಇರುವೆಗಳು.

ಗೋಡೆಯ ಬಿರುಕಿನಿಂದ ಹೊರಟ ಸಾಲು ಪೀಠ ಹತ್ತಿ, ನರಸಿಂಹನ ಮೊಣಕಾಲು ದಾಟಿ, ತೋಳು ಹಿಡಿದು ನೇರ ಬಲಭುಜಕ್ಕೆ ಹೋಗುತ್ತಿತ್ತು. ಎಡಭುಜದ ಕಡೆ ಒಂದೂ ತಿರುಗಿ ನೋಡಿರಲಿಲ್ಲ. ಅವಳು ನೋಡುತ್ತಿದ್ದಂತೆಯೇ ಬಲದ ಹೂವು ಜಾರಿ, ಪೀಠದ ಮೇಲೆ ಬಿತ್ತು.

ಹೌದು. ಗುಬ್ಬಿಯದೇ ತಗೊಳ್ಳಿ.

ಕೆಂಪು ಟ್ರಾಕ್ಟರು ಜಾರುಬಂಡೆಯ ಮೇಲೆ ಮಗ್ಗುಲು ಬದಲಾಯಿಸುವುದು ಅವಳ ಕಣ್ಣಿಗೆ ಕಟ್ಟಿತು. ಇವರು ಹಾರಿಕೊಳ್ಳುವವರಲ್ಲ, ಬೀಳುತ್ತಲೂ ವಾದ ಮಾಡುವವರು. ಕೈ ತಾನಾಗಿ ಮುಂದೆ ಹೋಗಿ ಹೂವನ್ನು ಎತ್ತಿಕೊಂಡಿತು. ತೊಟ್ಟು ಬೆರಳಿಗೆ ಅಂಟಿತು. ನೀರು ಹೀಗೆ ಅಂಟುವುದಿಲ್ಲ. ಮೂಗಿನ ಹತ್ತಿರ ಹಿಡಿದಳು. ಬೆಲ್ಲದ ಪಾಕ. ಏಲಕ್ಕಿ ಕೂಡ ಹಾಕಿತ್ತು.

ಅಯ್ಯೋ ಅತ್ತೆ!

ಮುಂದೆ ಮಾಡಿದ ಬಾಗಿಲು ಅವಳಿಗೆ ಈಗ ಅರ್ಥವಾಯಿತು. ಜಪ ಮಾಡುವ ಆ ಕೈ, ಬಲದ ಹೂವು ಬೀಳಲೇಬಾರದೆಂದು ಪಾಕ ಸವರಿತ್ತು. ಇಷ್ಟು ವರ್ಷ ಒಂದೇ ಸೂರಿನಡಿ ಇದ್ದು, ಗಂಡನ ಬಗ್ಗೆ ದಿಗಿಲು ತನ್ನೊಬ್ಬಳಿಗೇ ಎಂದುಕೊಂಡಿದ್ದಳಲ್ಲ. ನಗು ಬಂತು, ಅದರ ಹಿಂದೆಯೇ ಭಯ ಬಂತು. ದೇವರು ಹೌದು ಎಂದನೋ, ಇರುವೆ ಹೌದು ಎಂದಿತೋ? ಇರುವೆಯನ್ನು ಕಳಿಸಿದವನು ಯಾರು? ಹಾಗೆ ನೋಡಿದರೆ ಕೋತಿಯನ್ನು ಕಳಿಸಿ, ತನ್ನೊಬ್ಬಳನ್ನೇ ಇಲ್ಲಿ ಉಳಿಸಿದವನು ಯಾರು? ಬಿ.ಎ. ತರಗತಿಯಲ್ಲಿ ತರ್ಕಶಾಸ್ತ್ರ ಓದಿದ್ದು ಜೀವನದಲ್ಲಿ ಮೊದಲ ಸಲ ಉಪಯೋಗಕ್ಕೆ ಬಂತು.

ಮೆಟ್ಟಿಲ ಮೇಲೆ ಅತ್ತೆಯ ಹೆಜ್ಜೆ ಕೇಳಿಸಿತು.

"ಮಡಿಯಿಲ್ಲ, ತಪ್ಪಾಯ್ತು ನರಸಿಂಹ," ಎಂದು ಪಿಸುಗುಟ್ಟಿ, ಇರುವೆಗಳನ್ನು ಸೆರಗಿನಿಂದ ಒರೆಸಿ, ಹೂವನ್ನು ಬಲಭುಜಕ್ಕೆ ಒತ್ತಿದಳು. ಪಾಕ ಇನ್ನೂ ಕೆಲಸ ಮಾಡುತ್ತಿತ್ತು. ಅವಳು ಚಾಪೆಯ ಮೇಲೆ ಕೈಕಟ್ಟಿ ಕೂರುವುದಕ್ಕೂ ತುಳಸಮ್ಮನವರು ಅರ್ಧ ಹಪ್ಪಳ ಹಿಡಿದು ಒಳಗೆ ಬರುವುದಕ್ಕೂ ಸರಿಹೋಯಿತು. ಅವರ ಕಣ್ಣು ಮೊದಲು ಹೋದದ್ದು ಬಲಭುಜಕ್ಕೆ.

"ಬಿತ್ತಾ?"

"ಕೂತಿದೆ," ಎಂದಳು ಕೌಸಲ್ಯಮ್ಮ.

ಸೀತಾರಾಮಯ್ಯನವರೂ ಬಂದು ಕೂತು ಕಣ್ಣು ಮುಚ್ಚಿದರು. ಅವರು ಕಣ್ಣು ತೆರೆಯುವ ಮೊದಲೇ ಎಡದ ಹೂವು, ಪಾಪ, ಬರೀ ನೀರಿನ ಆಸರೆಯದು, ತೊಪ್ಪನೆ ಬಿತ್ತು.

"ಬೇಡ ಅಂದ್ಬಿಟ್ನಲ್ಲಮ್ಮಾ!"

"ಅವನು ಅಂದ್ಮೇಲೆ ಮುಗೀತು ಸೀತೂ."

"ಇದಕ್ಕೆ ಅಪೀಲೂ ಇಲ್ಲ," ಎಂದು ಅವರು ನಿಟ್ಟುಸಿರಿಟ್ಟು ಎದ್ದರು. ತುಳಸಮ್ಮನವರು ಅವಸರವಾಗಿ ನರಸಿಂಹನ ಮೇಲೆ ಒಂದು ತಂಬಿಗೆ ನೀರು ಸುರಿದರು. ಆಗ ಕೌಸಲ್ಯಮ್ಮ ತಡೆಯಲಾರದೆ ಬೆರಳು ಕೊಡವಿದಳು. ಇರುವೆಯೊಂದು ಕಚ್ಚಿ ಹಿಡಿದಿತ್ತು. ಅತ್ತೆ ಆ ಬೆರಳನ್ನು ನೋಡಿದರು. ಸೊಸೆಯ ಮುಖ ನೋಡಿದರು.

"ಕೈ ತೊಳ್ಕೋ ಹೋಗೇ," ಎಂದರಷ್ಟೆ.

ಬೂದು ಟ್ರಾಕ್ಟರ್ ಶ್ರಾವಣದಲ್ಲಿ ಹೊಲಕ್ಕೆ ಬಂತು. ಚಕ್ರಗಳನ್ನು ಆಂಜನಪ್ಪ ಹೇಳಿದ ಹಾಗೆ ಇನ್ನಷ್ಟು ಆಚೆಗೆ ಸರಿಸಿದ್ದ. ಅರಿಸಿನ ಕುಂಕುಮ ಹಚ್ಚಿ, ಚಕ್ರದಡಿ ನಿಂಬೆಹಣ್ಣು ಇಟ್ಟರು. ಮೊದಲ ವಾರ ಹೊಂಡ ತೋಡುವುದರಲ್ಲಿ ಕಳೆಯಿತು. ಅದು ಕೆಳಗಿನ ಸಮತಟ್ಟು ಜಾಗ. ಸೀತಾರಾಮಯ್ಯನವರು ಹಿಂದೆ ಮುಂದೆ ಹೋಗುತ್ತಾ ಮಣ್ಣು ಗೋರಿದರು, ಪುಟ್ಟರಂಗಯ್ಯ ಹಿಂದೆ ಮುಂದೆ ಹೋಗುತ್ತಾ ಹೊಗಳಿದ. ಹೊಂಡ ಅರ್ಧಕ್ಕೆ ಬಂದಾಗ ಅವರಿಗೆ ಬೇಜಾರಾಯಿತು. ರಾತ್ರಿ ಸೋನೆ ಬಿದ್ದು ಹುಲ್ಲು ತೇವವಾಗಿದ್ದ ಬೆಳಿಗ್ಗೆಯೇ, "ಇವತ್ತು ಹುಲ್ಲು," ಎಂದರು.

"ಗುಡ್ಡಕ್ಕೆ ಮೇಲೆ ಕೆಳಗೆ ಓಡ್ಸಬೇಕಂತೆ, ಅಡ್ಡ ಬೇಡವಂತೆ, ಆಂಜನಪ್ಪ ಹೇಳಿದಾನೆ. ಒದ್ದೆಯಲ್ಲಂತೂ ಬೇಡವೇ ಬೇಡ," ಎಂದಳು ಕೌಸಲ್ಯಮ್ಮ, ಅತ್ತೆಯ ಜೊತೆ ಕೂತಿದ್ದ ಹೊಂಗೆಯ ಕೆಳಗಿಂದ.

"ಆಂಜನಪ್ಪ ಮಾರೋನು. ಓಡ್ಸೋನು ನಾನು."

ಅಡ್ಡಲಾಗಿಯೇ ಹೊರಟರು. ಅಲಗು ಟರಟರನೆ ಹುಲ್ಲು ಮಲಗಿಸಿತು. ಒಂದು ಸಾಲು ಚೆಂದವಾಗಿ ಬಂತು. ಅವರು ಒಂದು ಕೈ ಎತ್ತಿ ತಾಯಿಗೆ ತೋರಿಸಿದರು. ಆಗ ಟ್ರಾಕ್ಟರ್ ಮುಂದೆ ಹೋಗುವುದನ್ನು ಬಿಟ್ಟು ಪಕ್ಕಕ್ಕೆ ಹೊರಟಿತು.

ಅವಸರವೇನೂ ಇರಲಿಲ್ಲ ಅದಕ್ಕೆ. ಒದ್ದೆ ಹುಲ್ಲಿನ ಮೇಲೆ, ಮುಖ ಅಮೃತೂರಿನ ಕಡೆಗೇ ಇಟ್ಟುಕೊಂಡು, ಮೈಯೆಲ್ಲ ಒಟ್ಟಾಗಿ ಕೆಳಗೆ ಜಾರತೊಡಗಿತು. ಸೀತಾರಾಮಯ್ಯನವರು ಬೆನ್ನು ನೆಟ್ಟಗೆ ಮಾಡಿ ಸ್ಟಿಯರಿಂಗ್ ಎಡಕ್ಕೆ ತಿರುಗಿಸಿದರು, ಬಲಕ್ಕೆ ತಿರುಗಿಸಿದರು; ಟ್ರಾಕ್ಟರ್ ಎರಡಕ್ಕೂ ತಲೆ ಕೆಡಿಸಿಕೊಳ್ಳಲಿಲ್ಲ. ಮೇಲಿನ ಚಕ್ರ ಒಂದು ಕಲ್ಲಿಗೆ ಎಡವಿ ನೆಲ ಬಿಟ್ಟಿತು. ಕೌಸಲ್ಯಮ್ಮ ಎದ್ದು ನಿಂತಳು. ಚಕ್ರ ಒಂದು ಕ್ಷಣ ಗಾಳಿಯಲ್ಲಿ ಯೋಚಿಸಿ, ಧೊಪ್ಪನೆ ನೆಲಕ್ಕೆ ಮರಳಿತು. ಟ್ರಾಕ್ಟರ್ ಇನ್ನಷ್ಟು ಜಾರಿ, ಅರ್ಧ ತೋಡಿದ ಹೊಂಡದ ಅಂಚಿಗೆ ಬಂದು, ಯಜಮಾನರ ಸಮೇತ ಒಳಗಿಳಿದು, ಕೆಸರಿನಲ್ಲಿ ಕುಕ್ಕರುಗಾಲಲ್ಲಿ ಕೂತಿತು.

ಸದ್ದು ನಿಂತಿತು. ಹೊಂಡದ ಮೇಲೆ ಕಾಣುತ್ತಿದ್ದದ್ದು ಸೀತಾರಾಮಯ್ಯನವರ ತಲೆ ಮತ್ತು ಸ್ಟಿಯರಿಂಗಿನ ಮೇಲ್ತುದಿ. ಕನ್ನಡಕ ಕೂಡ ಜರುಗಿರಲಿಲ್ಲ.

ಪುಟ್ಟರಂಗಯ್ಯ ಓಡಿಬಂದು ಬಗ್ಗಿ ನೋಡಿದ. "ಬುದ್ಧಿ, ಹೊಂಡ ಇಷ್ಟು ಆಳ ಸಾಕಾ, ಇನ್ನೂ ವಸಿ ತೋಡ್ಬೇಕಾ?"

"ಮುಚ್ಚೋ ಬಾಯಿ. ಎತ್ತು ಹೊಡ್ಕೊಂಡು ಬಾ."

ಎರಡು ಜೋಡಿ ಎತ್ತು ಬಂದು ಎಳೆಯುವಷ್ಟರಲ್ಲಿ ಅರ್ಧ ಊರು ಬದುವಿನ ಮೇಲೆ ಕೂತು ಕಡಲೆಕಾಯಿ ತಿನ್ನುತ್ತಿತ್ತು. ಸೀತಾರಾಮಯ್ಯನವರು ಮೊಣಕಾಲುದ್ದ ಕೆಸರಿನಲ್ಲಿ ಮೇಲೆ ಹತ್ತಿಬಂದು, ಹೊಂಗೆಯ ಕೆಳಗೆ ಕೂತು, ಸಿಗರೇಟಿಗೆಂದು ಬೆಂಕಿಪೊಟ್ಟಣ ತೆಗೆದರು. ಕಡ್ಡಿ ಗೀರಲಿಲ್ಲ. ಪಕ್ಕದ ಓರೆ ಬಂಡೆಯ ಮೇಲೆ ಪೊಟ್ಟಣವನ್ನು ನೆಟ್ಟಗೆ ನಿಲ್ಲಿಸಿದರು. ಟಕ್ ಎಂದು ಬಿತ್ತು. ಅಗಲವಾಗಿ ಮಲಗಿಸಿದರು. ಜಾರಿತು, ಉರುಳಲಿಲ್ಲ. ಬಹಳ ಹೊತ್ತು ಅದನ್ನೇ ನೋಡಿದರು.

"ಕೌಸಲ್ಯಾ," ಎಂದರು, ಎಂದೂ ಇಲ್ಲದ ತಗ್ಗಿನ ದನಿಯಲ್ಲಿ, "ಗುಬ್ಬಿಯದಾಗಿದ್ರೆ ಇವತ್ತು ನಾನು ಅದರ ಅಡಿಯಲ್ಲಿರ್ತಿದ್ದೆ."

ಅವಳು ಅವರ ತೋಳಿನ ಕೆಸರನ್ನು ಸೆರಗಿನಿಂದ ಒರೆಸುತ್ತಿದ್ದಳು, ಆಗಲೇ ಒರೆಸಿದ ಜಾಗವನ್ನೇ.

"ನರಸಿಂಹ ಮೊದಲೇ ಹೇಳಿದ ನೋಡು! ಸೋಮವಾರ ಬಾರ್ ರೂಮಿನಲ್ಲಿ ಆ ದೇವರಿಲ್ಲ ಅನ್ನೋ ವಕೀಲರಿಗೆಲ್ಲ ಹೇಳ್ತೀನಿ. ನೀನೇ ನನಗೆ ಸಾಕ್ಷಿ. ನಾನು ಹೊರಗೆ ಹೋಗಿದ್ದೆ, ಅಮ್ಮ ಕೋತಿ ಓಡ್ಸೋಕೆ ಹೋಗಿದ್ಲು. ಅಲ್ಲಿದ್ದೋಳು ನೀನೊಬ್ಬಳೇ. ಹೇಳು, ಬಲದ ಹೂವು ಆಗ ಒಂದಿಷ್ಟಾದ್ರೂ ಅಲುಗಿತಾ?"

ಕೌಸಲ್ಯಮ್ಮನ ಕೈ ನಿಂತಿತು. ಎದುರಿಗೆ ತಂಬಿಟ್ಟಿನ ಡಬ್ಬದ ಮುಚ್ಚಳ ತೆಗೆಯುತ್ತಿದ್ದ ತುಳಸಮ್ಮನವರ ಕೈಯೂ ನಿಂತಿತು.

ಅವಳು ಪದಗಳನ್ನು ಅಕ್ಕಿಯಲ್ಲಿ ಕಲ್ಲು ಆರಿಸುವ ಹಾಗೆ ಆರಿಸಿದಳು. "ನೀವು ಬಂದಾಗ ಹೂವು ಇಟ್ಟ ಜಾಗದಲ್ಲೇ ಇತ್ತು," ಎಂದಳು.

"ಸಾಕು! ಇದಕ್ಕಿಂತ ಸಾಕ್ಷಿ ಬೇಕಾ?" ಎಂದು ಸೀತಾರಾಮಯ್ಯನವರು ಈಗ ಕಡ್ಡಿ ಗೀರಿದರು.

ತುಳಸಮ್ಮನವರು ಡಬ್ಬದಿಂದ ದೊಡ್ಡ ತಂಬಿಟ್ಟೊಂದನ್ನು ಆರಿಸಿ, ಮಗನಿಗೂ ಮೊದಲು ಸೊಸೆಯ ಕೈಗಿಟ್ಟರು. "ತಗೋ. ಈ ಸಲ ಪಾಕ ಚೆನ್ನಾಗಿ ಹಿಡಿದಿದೆ," ಎಂದು ಎತ್ತುಗಳ ಕಡೆ ಮುಖ ತಿರುಗಿಸಿಕೊಂಡರು.

ಕೌಸಲ್ಯಮ್ಮ ತಂಬಿಟ್ಟನ್ನು ತಿರುಗಿಸಿ ನೋಡಿ, ಇರುವೆಯಿಲ್ಲವೆಂದು ಖಾತ್ರಿ ಮಾಡಿಕೊಂಡು, ಒಂದು ತುಣುಕು ಬಾಯಿಗೆ ಹಾಕಿಕೊಂಡಳು. ಏಲಕ್ಕಿಯ ಪರಿಮಳ ಬಂತು. ಅಲ್ಲೇ, ಅದನ್ನು ಅಗಿಯುತ್ತಲೇ, ಅವಳು ತೀರ್ಮಾನ ಮಾಡಿದಳು: ಇದನ್ನು ಯಾರಿಗೂ ಹೇಳುವುದಿಲ್ಲ. ಗಂಡನಿಗಂತೂ ಇಲ್ಲ, ಗೊತ್ತಿದ್ದರೂ ಇರಬಹುದಾದ ಅತ್ತೆಗೂ ಇಲ್ಲ. ಮನೆಗೆ ಹೋಗಿ ದೀಪ ಹಚ್ಚುವಾಗ, ನರಸಿಂಹನೇ ತಾನಾಗಿ ಕೇಳದಿದ್ದರೆ, ಅವನ ಹತ್ತಿರವೂ ಎತ್ತುವುದಿಲ್ಲ.